ಡ್ರಾಯಿಂಗ್ ಅಕ್ಕೋರು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಶಾಲೆಯ ಮಾಸ್ತರರನ್ನು ಅವರವರ ಅಡ್ಡಹೆಸರಿನಿಂದ ಕರೆಯುವುದು ರೂಢಿ. ಚಿತ್ರ ಕಲಿಸುವವರು ಮಾತ್ರ ಇದ್ದ ಹೆಸರನ್ನೂ ಕಳೆದುಕೊಂಡು ಎಲ್ಲರ ಬಾಯಲ್ಲಿ ‘ಡ್ರಾಯಿಂಗ್ ಮಾಸ್ತರು’ ಆಗಿಬಿಡುತ್ತಾರೆ. ಗ್ಯಾದರಿಂಗಿಗೆ ಪರದೆ ಬರೆಯುವುದು, ಸಾಹೇಬರು ಬರುವ ದಿನ ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಿಂದ ‘ಸುಸ್ವಾಗತ’ ಬರೆಯುವುದು, ಯಾರಾದರೂ ರಜೆ ಹಾಕಿದರೆ ಅವರ ತರಗತಿಯಲ್ಲಿ ಗದ್ದಲವಾಗದಂತೆ ಕೂತಿರುವುದು, ಎಲ್ಲ ಅವರ ಪಾಲಿಗೆ. ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರತೊಡಗಿದ ಮೇಲೆ ‘ಡ್ರಾಯಿಂಗ್ ಅಕ್ಕೋರು’ ಎಂಬ ಮಾತೂ ಹುಟ್ಟಿತು. ಈ ಡ್ರಾಯಿಂಗ್ ಅಕ್ಕೋರು ಎಲ್ಲಿಂದ ಬಂದರು, ಹೇಗೆ ತಯಾರಾಗುತ್ತಾರೆ ಎಂದು ನಾವು ಯಾರೂ ವಿಚಾರಿಸಲು ಹೋಗುವುದಿಲ್ಲ. ಅದರ ಹಿಂದೆ ಒಂದು ದೊಡ್ಡ ಕಥೆಯೇ ಇದೆ.

ಆ ಕಥೆ ಮುಂಬಯಿಯಿಂದ ಸುರುವಾಗುತ್ತದೆ. ಸರ್ ಜಮ್ಶೇಟ್‌ಜಿ ಜೀಜೀಭಾಯಿ ಎಂಬ ಪಾರ್ಸಿ ವ್ಯಾಪಾರಿ ಕೊಟ್ಟ ಒಂದು ಲಕ್ಷ ರೂಪಾಯಿಯ ದಾನದಿಂದ 1857ರಲ್ಲಿ ಅಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯ ಒಂದಾಗುವವರೆಗೂ ನಮ್ಮ ಶಾಲೆಗಳ ಕಾಯಿದೆ, ಪರೀಕ್ಷೆ, ತನಿಖೆ ಎಲ್ಲ ಅಲ್ಲಿಯವೇ. ಚಿತ್ರದ ಪರೀಕ್ಷೆಗಳೂ ಅಲ್ಲಿಂದಲೇ ಬಂದವು. ಹೈಸ್ಕೂಲಿನ ಹುಡುಗರು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಗ್ರೇಡ್ ಪರೀಕ್ಷೆಗೆ ಕೂಡುತ್ತಿದ್ದರು. ಹುಡುಗರು ಪರೀಕ್ಷೆಗೆ ಕೂಡಬೇಕಾದರೆ ಕಲಿಸುವವರೊಬ್ಬರು ಬೇಕು. ಕಲಿಸುವವರನ್ನು ತಯಾರು ಮಾಡಲು ಮತ್ತೊಂದು ಕಲಾಶಾಲೆ ಬೇಕು. ಚಿತ್ರ ಬರೆಯುವ ಹುಡುಗನಿಗೆ ತಿಂಗಳ ಸಂಬಳದ ದಾರಿ ತೆರೆದದ್ದು ಹೀಗೆ.

ಜೆ.ಜೆ.ಯಲ್ಲಿ ಕಲಿತು ಊರಿಗೆ ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಸ್ಕೂಲ್ ಆಫ್ ಆರ್ಟ್ ತೆರೆದರು. ಮುಂಬಯಿಗೆ ಹೋಗಿ ಬಾಡಿಗೆ ಕೋಣೆಯಲ್ಲಿದ್ದು ಕಲಿಯುವ ಶಕ್ತಿ ಎಷ್ಟು ಮನೆಗಳಿಗೆ ಇದ್ದೀತು? ಊರಿನಲ್ಲೇ ಕಲಾಶಾಲೆ ಬಂದದ್ದರಿಂದ ಬಡವರ ಮಕ್ಕಳಿಗೂ ಕುಂಚ ಹಿಡಿಯುವುದು ಸಾಧ್ಯವಾಯಿತು. ಅದೇ ಶಾಲೆ ಮುಂದೆ ಸರಕಾರದ ಚಿತ್ರಕಲಾ ಮಹಾವಿದ್ಯಾಲಯವಾಯಿತು. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿಯವರು, ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ಇದೇ ಬಗೆಯ ಕಲಾಶಾಲೆಗಳನ್ನು ಕಟ್ಟಿದರು. ಅರಮನೆಯ ಆಶ್ರಯವಿಲ್ಲದ, ಚಿತ್ರ ಕೊಳ್ಳುವ ಶ್ರೀಮಂತರು ವಿರಳವಾದ ಈ ಭಾಗದಲ್ಲಿ ಕಲೆ ಉಳಿದದ್ದು ಎರಡು ಕೆಲಸಗಳಿಂದ. ಒಂದು, ಅಂಗಡಿಯ ಬೋರ್ಡು, ನಾಟಕ ಕಂಪನಿಯ ಪರದೆ ಬರೆಯುವುದು. ಇನ್ನೊಂದು, ಶಾಲೆಯ ಮಾಸ್ತರಿಕೆ.

ಆದರೆ ಚಿತ್ರ ಬರೆಯಬಲ್ಲವರೆಲ್ಲ ಚಿತ್ರ ಕಲಿಸಬಲ್ಲರೆ? ಧಾರವಾಡದ ಮಟ್ಟಿಗೆ ಈ ಪ್ರಶ್ನೆ ಹೊಸದಲ್ಲ. ಕಲಿಸುವುದನ್ನೂ ಕಲಿಯಬೇಕು ಎಂಬ ತಿಳಿವಳಿಕೆ ಈ ಊರಿನಲ್ಲಿ ಬಹಳ ಹಿಂದೆಯೇ ಬೇರೂರಿತ್ತು. ಡೆಪ್ಯೂಟಿ ಚನ್ನಬಸಪ್ಪನವರು ಇಲ್ಲಿಯ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ತಯಾರಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದೇ ಮುಂದೆ ಟ್ರೇನಿಂಗ್ ಕಾಲೇಜು ಎನಿಸಿಕೊಂಡಿತು. ಟ್ರೇನಿಂಗ್ ಎಂದರೆ ಪುಸ್ತಕ ಓದುವುದಷ್ಟೇ ಆಗಿರಲಿಲ್ಲ. ನಿಜವಾದ ಮಕ್ಕಳ ಎದುರು ನಿಂತು ಪಾಠ ಮಾಡಬೇಕು, ಹಿಂದಿನ ಬೆಂಚಿನಲ್ಲಿ ಹಿರಿಯ ಮಾಸ್ತರರು ಕೂತು ಟಿಪ್ಪಣಿ ಬರೆಯಬೇಕು. ಬಿ.ಎಡ್. ಮಾಡಿದ ನಮ್ಮಂಥವರೆಲ್ಲ ಆ ಅಗ್ನಿಪರೀಕ್ಷೆಯನ್ನು ದಾಟಿಯೇ ಬಂದವರು. ನಮ್ಮ ಕಾಲಕ್ಕೆ ಬಿ.ಎಡ್. ಒಂದೇ ವರ್ಷದ್ದು. 2014ರ ನಿಯಮಗಳ ನಂತರ ಅದು ಎರಡು ವರ್ಷವಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಅದೇ ನಿಯಮಗಳಲ್ಲಿ ದೃಶ್ಯಕಲೆ ಕಲಿಸುವವರಿಗೆಂದೇ ಎರಡು ವರ್ಷದ ಒಂದು ಡಿಪ್ಲೊಮಾಕ್ಕೂ ಜಾಗ ಕೊಟ್ಟರು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಹೀಗೆಯೇ ಅನುಭವಕ್ಕೆಂದು ಕಲಾಶಾಲೆಯ ಒಬ್ಬ ಹುಡುಗಿ ಬಂದಳು. ಒಕ್ಕಲುತನದ ಮನೆಯವಳು. ಎಣ್ಣೆಬಣ್ಣದಲ್ಲಿ ಭಾವಚಿತ್ರ ಬರೆಯುವುದರಲ್ಲಿ ಆಕೆಯದು ಒಳ್ಳೆಯ ಕೈ. ಮೊದಲ ದಿನ ಏಳನೆಯ ತರಗತಿಗೆ ವಸ್ತುಚಿತ್ರದ ಪಾಠ. ಮೇಜಿನ ಮೇಲೆ ಹಿತ್ತಾಳೆಯ ಕೊಡ ಇಟ್ಟು, ಮಕ್ಕಳಿಗೆ ಬೆನ್ನು ತಿರುಗಿಸಿ, ಬೋರ್ಡಿನ ಮೇಲೆ ಹತ್ತು ನಿಮಿಷ ಸೊಗಸಾದ ಕೊಡ ಬರೆದಳು. ತಿರುಗಿ ನೋಡಿದರೆ ಅರ್ಧ ತರಗತಿ ಕಿಟಕಿಯಲ್ಲಿ! ಉಳಿದವರು ಬೋರ್ಡಿನ ಕೊಡವನ್ನೇ ನಕಲು ಮಾಡುತ್ತಿದ್ದರು. ಮೇಜಿನ ಮೇಲಿನದನ್ನು ನೋಡುವವರೇ ಇಲ್ಲ. ನೆಲದ ಮೇಲೆ ಮುಂದೆ ಕೂತವಳಿಗೆ ಕೊಡದ ಬಾಯಿ ಒಂದು ಗೆರೆಯಂತೆ ಕಾಣುತ್ತದೆ, ಹಿಂದೆ ನಿಂತವನಿಗೆ ಅಗಲವಾಗಿ ಕಾಣುತ್ತದೆ. ಐವತ್ತು ಮಕ್ಕಳಿಗೆ ಐವತ್ತು ಕೊಡ. ಎಲ್ಲರಿಗೂ ತನ್ನ ಕೊಡವನ್ನೇ ಬರೆಯಿಸಿದರೆ ಅದು ಶುದ್ಧಲೇಖನವಾಗುತ್ತದೆಯೇ ಹೊರತು ಚಿತ್ರವಾಗುವುದಿಲ್ಲ. ಇದನ್ನು ನಾನು ಹೇಳಲಿಲ್ಲ. ಮರುದಿನ ಆಕೆಯೇ ಕಂಡುಕೊಂಡಳು. ನಾಲ್ಕು ಮೂಲೆಗೆ ನಾಲ್ಕು ಪಾತ್ರೆ ಇಟ್ಟು, ಮಕ್ಕಳನ್ನು ಸುತ್ತ ಕೂರಿಸಿ, ತಾನು ಅವರ ಹೆಗಲ ಹಿಂದೆ ಬಗ್ಗಿ ಅವರ ಕಣ್ಣಿನ ಮಟ್ಟದಿಂದಲೇ ನೋಡುತ್ತ ಓಡಾಡಿದಳು.

ಎರಡನೆಯ ತೊಡಕು ಬಡತನದ್ದು. ಸರಕಾರಿ ಶಾಲೆಯ ಎಷ್ಟು ಮಕ್ಕಳ ಹತ್ತಿರ ಬಣ್ಣದ ಪೆಟ್ಟಿಗೆ ಇರುತ್ತದೆ? ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಾಳೆ ಹಂಚಿ, ಪೆನ್ಸಿಲ್ ಕೆತ್ತುವುದರಲ್ಲೇ ಕಾಲುಭಾಗ ಹೋಗುತ್ತದೆ. ಆ ಹುಡುಗಿ ವಿನ್ಯಾಸದ ಪಾಠಕ್ಕೆ ಒಂದು ಉಪಾಯ ಹುಡುಕಿದಳು. ತಾಯಿಯ ಹಳೆಯ ಚಂದ್ರಕಾಳಿ ಸೀರೆಯ ಕಸೂತಿಯ ಸೆರಗನ್ನು ತಂದು ತೋರಿಸಿದಳು. ಕಸೂತಿಯಲ್ಲಿ ಪೆನ್ಸಿಲಿನ ಗುರುತು ಇರುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲ ನೆಟ್ಟಗಿನ, ಅಡ್ಡ, ಓರೆ ಗೆರೆಗಳಲ್ಲೇ ಮೂಡುತ್ತವೆ. ಗಣಿತದ ಚೌಕುಳಿ ನೋಟುಬುಕ್ಕಿನಲ್ಲಿ ಮಕ್ಕಳಿಂದ ಆ ಗೋಪುರ ಬರೆಯಿಸಿದಳು. ದುಡ್ಡು ಖರ್ಚಾಗಲಿಲ್ಲ. “ನಮ್ಮ ಆಯಿಗೂ ಇದು ಬರ್ತೈತ್ರಿ ಅಕ್ಕೋರ” ಎಂದು ಒಂದು ಹುಡುಗಿ ಎದ್ದು ನಿಂತು ಹೇಳಿದಳು. ಅಲ್ಲಿಯತನಕ ತರಗತಿಯಲ್ಲಿ ಆ ಮಗು ತಾನಾಗಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ತರಬೇತಿಯ ಅವಧಿ ಮುಗಿಯುವ ಹೊತ್ತಿಗೆ ಆಕೆ ಬೋರ್ಡಿನ ಮಗ್ಗುಲಿಗೆ ನಿಂತು, ಮಕ್ಕಳ ಕಡೆ ಮುಖ ಇಟ್ಟುಕೊಂಡು, ಮಾತಾಡುತ್ತಲೇ ಗೆರೆ ಎಳೆಯುವುದನ್ನು ಕಲಿತಿದ್ದಳು. ಕಲಾಶಾಲೆಯ ಸ್ಟುಡಿಯೋದಲ್ಲಿ ಮೌನವಾಗಿ ಬರೆಯುವವರಿಗೆ ಇದು ಸುಲಭವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಚಿತ್ರದ ಮೇಲೆ ತನ್ನ ಪೆನ್ಸಿಲ್ ಇಡದೆ ಕೈ ಬಿಗಿಹಿಡಿಯುವುದನ್ನು ಕಲಿತಳು. ಹಾಲಭಾವಿಯವರ ಕಾಲದಿಂದ ಈ ಅವಳಿನಗರದ ಕಲಾಶಾಲೆಗಳಿಂದ ಹೊರಬಿದ್ದ ಡ್ರಾಯಿಂಗ್ ಮಾಸ್ತರರೆಲ್ಲ ಇದನ್ನು ಯಾವುದೋ ಒಂದು ತರಗತಿಯಲ್ಲಿ, ಯಾರದೋ ಮಕ್ಕಳಿಂದ ಕಲಿತಿರಲೇಬೇಕು. ಚಿತ್ರಗಳ ಕೆಳಗೆ ಸಹಿ ಇರುತ್ತದೆ. ಈ ಕಲಿಕೆಗೆ ಸಹಿ ಇಲ್ಲದ್ದರಿಂದ ಕಲೆಯ ಚರಿತ್ರೆಯಲ್ಲಿ ಇದರ ಸುದ್ದಿ ಬರುವುದಿಲ್ಲ.

ಹೋಗುವ ದಿನ ಆಕೆ ಒಂದು ಮಾತು ಕೇಳಿದಳು. “ಎಲ್ಲಾ ಕಲ್ತೆರಿ ಅಕ್ಕೋರ. ಆದ್ರ ನನ್ನ ಕುರ್ಚಿ ಯಾವ ಸಾಲ್ಯಾಗ ಐತ್ರಿ?”

ಈ ಪ್ರಶ್ನೆಯನ್ನು ಆಕೆಯ ಚಿಂತೆಯೆಂದು ಪಕ್ಕಕ್ಕಿಡುವಂತಿಲ್ಲ. ಮಗಳನ್ನು ಕಲಾಶಾಲೆಗೆ ಕಳಿಸಲು ಆಕೆಯ ತಂದೆ ಒಪ್ಪಿದ್ದೇ ಮುಂದೆ ಮಾಸ್ತರಿಕೆ ಸಿಕ್ಕೀತು ಎಂಬ ಭರವಸೆಯಿಂದ. ಕಾಯಿದೆ ಏನು ಹೇಳುತ್ತದೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ವಿಜ್ಞಾನ-ಗಣಿತ, ಸಮಾಜ, ಭಾಷೆಗಳಿಗೆ ಶಿಕ್ಷಕರು ಬೇಕು ಎಂದಿದೆ. ಕಲೆಗೆ ಮಾತ್ರ ‘ಅರೆಕಾಲಿಕ ಬೋಧಕರು’. ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. ಹಳ್ಳಿಯ ಚಿಕ್ಕ ಶಾಲೆಗಳ ಮಕ್ಕಳು ಈ ಲೆಕ್ಕದಿಂದಲೇ ಹೊರಗೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಇರಬೇಕೆಂದು ಹೇಳಿತ್ತು. 2020ರ ಶಿಕ್ಷಣ ನೀತಿಯೂ ಎಲ್ಲ ವಿಷಯಗಳೊಡನೆ ಕಲೆಯನ್ನು ಬೆರೆಸಿ ಕಲಿಸಿ ಎನ್ನುತ್ತದೆ. ನನ್ನಂಥ ಕನ್ನಡ ಶಿಕ್ಷಕಿ ಪದ್ಯಕ್ಕೊಂದು ಚಿತ್ರ ಬರೆಯಿಸಬಹುದು ನಿಜ. ಆದರೆ ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೊಡದ ಬಾಯಿಯನ್ನು ನೋಡುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. ಅದಕ್ಕೆ ಅದನ್ನೇ ಕಲಿತವರು ಬೇಕು.

ಮಾಸ್ತರಿಕೆಯ ಭರವಸೆ ನಮ್ಮ ಕಲಾಶಾಲೆಗಳನ್ನು ಇಷ್ಟು ವರ್ಷ ತುಂಬಿತು. ಆ ಭರವಸೆ ತೆಳುವಾದಷ್ಟೂ ಬಡವರ ಮನೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕಲಾಶಾಲೆಯ ಬಾಗಿಲಿನಿಂದ ಹಿಂದೆ ಸರಿಯುತ್ತಾರೆ. ಕೊನೆಗೆ ಕುಂಚ ಉಳಿಯುವುದು ಸಂಬಳದ ಹಂಗಿಲ್ಲದವರ ಕೈಯಲ್ಲಿ.

ಈ ಬರಹ ಓದುತ್ತಿರುವ ನಿಮ್ಮಲ್ಲಿ ಅನೇಕರ ಮಕ್ಕಳು ಶಾಲೆಗೆ ಹೋಗುತ್ತಿರಬಹುದು. ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಸದಸ್ಯರು ಮಹಿಳೆಯರಿರಬೇಕೆಂದು ಅದೇ 2009ರ ಕಾಯಿದೆ ಹೇಳುತ್ತದೆ. ಖಾಸಗಿ ಶಾಲೆಯಾದರೆ ಪಾಲಕರ ಸಭೆ ಇದ್ದೇ ಇದೆ. ಅಲ್ಲಿ ಗಣಿತದ ಅಂಕಗಳನ್ನು ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಮಕ್ಕಳಿಗೆ ಚಿತ್ರ ಕಲಿಸುವವರು ಯಾರು, ವಾರಕ್ಕೆ ಎಷ್ಟು ಪಿರಿಯಡ್ಡು? ಮನೆಯಲ್ಲಿ ಮಗಳು ಹಾಳೆಯ ಅಂಚಿನಲ್ಲಿ ಗೆರೆ ಎಳೆಯುತ್ತ ಕೂತರೆ “ಅಭ್ಯಾಸ ಬಿಟ್ಟು ಏನ ಮಾಡಾಕತ್ತಿ?” ಎಂದು ಗದರಿಸುವ ಮುನ್ನ ಸ್ವಲ್ಪ ಬಗ್ಗಿ, ಅವಳು ಏನು ನೋಡುತ್ತಿದ್ದಾಳೆಂದು ಅವಳು ಕೂತಲ್ಲಿಂದಲೇ ಒಮ್ಮೆ ನೋಡಿ.