ಮೀನುಗಳ ಘ್ರಾಣ ಗ್ರಾಹಕ ವಂಶವಾಹಿಗಳ ವಿಕಾಸ

ಘ್ರಾಣ ಗ್ರಾಹಕ ವಂಶವಾಹಿಗಳು ವಾಸನೆಯ ಅಣುಗಳನ್ನು ಗುರುತಿಸುವ ಪ್ರೋಟೀನುಗಳನ್ನು ರೂಪಿಸುವ ಜೀನ್‌ಗಳು. ಈ ಪ್ರೋಟೀನುಗಳು ಮೂಗಿನ ನರಕೋಶಗಳಲ್ಲಿರುತ್ತವೆ. ನೀರಿನಲ್ಲಿ ಕರಗಿದ ಅಮೈನೋ ಆಮ್ಲ, ಪಿತ್ತಲವಣ, ಹಾರ್ಮೋನು ಮುಂತಾದವುಗಳ ವಾಸನೆಯಿಂದ ಮೀನುಗಳು ಆಹಾರ, ಸಂಗಾತಿ ಹಾಗೂ ಅಪಾಯವನ್ನು ಅರಿಯುತ್ತವೆ.

ಸಂಶೋಧನೆ

ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಇಲಿಯಲ್ಲಿ ಈ ಜೀನ್‌ಗಳನ್ನು ಪತ್ತೆಹಚ್ಚಿದರು. 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1993ರಲ್ಲಿ ಅಮೆರಿಕದ ಕ್ಯಾಟ್‌ಫಿಶ್ ಒಂದರಲ್ಲಿಯೂ ಇವು ಕಂಡುಬಂದವು. ಮೀನು ಮತ್ತು ಚತುಷ್ಪಾದಿಗಳ ಸಾಮಾನ್ಯ ಪೂರ್ವಜ ಜೀವಿಯಲ್ಲಿ ಕನಿಷ್ಠ 9 ಮೂಲ ಜೀನ್‌ಗಳಿದ್ದವೆಂದು ಯೊಶಿಹಿತೊ ನೀಮುರಾ ಮತ್ತು ಮಸಾತೊಶಿ ನೇಯ್ 2005ರಲ್ಲಿ ತೋರಿಸಿದರು. ಅವುಗಳಿಂದ ಬೆಳೆದ 9 ಗುಂಪುಗಳಲ್ಲಿ 8 ಮೀನುಗಳಲ್ಲಿ ಉಳಿದಿವೆ. ಸಸ್ತನಿಗಳಲ್ಲಿ ಉಳಿದಿರುವುದು 2 ಮಾತ್ರ. ಮನುಷ್ಯನಲ್ಲಿ ಕಾರ್ಯನಿರತವಾದ ಸುಮಾರು 400 ಜೀನ್‌ಗಳಿದ್ದರೆ ಜೀಬ್ರಾ ಮೀನಿನಲ್ಲಿ ಸುಮಾರು 150 ಇವೆ. ಹೀಗೆ ಸಂಖ್ಯೆಯಲ್ಲಿ ಕಡಿಮೆಯಾದರೂ ವೈವಿಧ್ಯದಲ್ಲಿ ಮೀನುಗಳೇ ಮುಂದಿವೆ. ಅಮೈನ್‌ಗಳನ್ನು ಗುರುತಿಸುವ ಇನ್ನೊಂದು ಗ್ರಾಹಕ ಕುಟುಂಬದಲ್ಲಿ ಜೀಬ್ರಾ ಮೀನಿಗೆ ನೂರಕ್ಕೂ ಹೆಚ್ಚು ಜೀನ್‌ಗಳಿವೆ, ಮನುಷ್ಯನಿಗೆ 6.

ವಿಕಾಸದ ಕ್ರಮ

ಜೀನ್ ಒಂದು ನಕಲಾದಾಗ ಮೂಲ ಪ್ರತಿ ಹಳೆಯ ಕೆಲಸವನ್ನು ಮುಂದುವರಿಸಿದರೆ, ಹೊಸ ಪ್ರತಿ ಬದಲಾಗಿ ಬೇರೊಂದು ಅಣುವನ್ನು ಗುರುತಿಸಬಹುದು. ಉಪಯೋಗವಿಲ್ಲದ ಪ್ರತಿಗಳು ಕೆಟ್ಟು ಹುಸಿ ಜೀನ್‌ಗಳಾಗುತ್ತವೆ ಅಥವಾ ಅಳಿಯುತ್ತವೆ. ಮೀನುಗಳ 4 ಗ್ರಾಹಕ ಕುಟುಂಬಗಳನ್ನು ಒಟ್ಟಾಗಿ ಎಣಿಸಿದ 2022ರ ಅಧ್ಯಯನದಲ್ಲಿ ಒಂದು ಕೊಳವೆಮೀನಿನಲ್ಲಿ 28, ಆಫ್ರಿಕಾದ ರೀಡ್‌ಫಿಶ್‌ನಲ್ಲಿ 1317 ಜೀನ್‌ಗಳು ದೊರೆತವು. ಮೂಗಿನ ಒಳಪದರದಲ್ಲಿ ಮಡಿಕೆಗಳು ಹೆಚ್ಚಿದ್ದಷ್ಟೂ ಜೀನ್‌ಗಳೂ ಹೆಚ್ಚಿರುವುದು ಕಂಡುಬಂದಿತು.

ಮಲೆನಾಡಿನ ಸಂದರ್ಭ

ಮಲೆನಾಡಿನ ಕೆರೆ, ಗದ್ದೆಗಳಲ್ಲಿ ವಾಸಿಸುವ ಮುರುಗೋಡು ಕ್ಲೇರಿಯಸ್ ಕುಲಕ್ಕೆ ಸೇರಿದ್ದು, ಗಾಳಿಯನ್ನೂ ಉಸಿರಾಡಬಲ್ಲದು. ಇದೇ ಕುಲದ ಕ್ಲೇರಿಯಸ್ ಬಟ್ರಾಕಸ್‌ನ ಜೀನೋಮಿನಲ್ಲಿ ಒಂದು ಬಗೆಯ ಘ್ರಾಣ ಗ್ರಾಹಕದ ಪ್ರತಿಗಳು ಹೆಚ್ಚಿರುವುದನ್ನು 2018ರಲ್ಲಿ ವರದಿ ಮಾಡಲಾಯಿತು. ನೀರಿನಿಂದ ಹೊರಬಂದು ನೆಲದ ಮೇಲೆ ಸಾಗುವ ಜೀವನಕ್ಕೆ ಇದು ಹೊಂದಾಣಿಕೆಯಾಗಿರಬಹುದು.

ಜೀನ್‌ಗಳ ಸಂಪತ್ತು ಉಳಿದಿದ್ದರೂ ನೀರು ಕೆಟ್ಟರೆ ಘ್ರಾಣಶಕ್ತಿ ಕುಂದುತ್ತದೆ. ಮೀನಿನ ಘ್ರಾಣ ನರಕೋಶಗಳು ನೀರಿಗೆ ನೇರವಾಗಿ ತೆರೆದುಕೊಂಡಿರುವುದರಿಂದ, ಕರಗಿದ ತಾಮ್ರ ಅಲ್ಪ ಪ್ರಮಾಣದಲ್ಲಿದ್ದರೂ ಅವುಗಳಿಗೆ ಹಾನಿ ಮಾಡುತ್ತದೆ. ಸಾಲ್ಮನ್ ಮೀನುಗಳಲ್ಲಿ ಇದು ದೃಢಪಟ್ಟಿದೆ. ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ವಿರುದ್ಧ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಮತ್ತು ಸುಣ್ಣದ ಮಿಶ್ರಣ. ಆದ್ದರಿಂದ ತುಂಗಾ, ಭದ್ರಾ ನದಿಗಳನ್ನು ಸೇರುವ ಹಳ್ಳಗಳಿಗೆ ಈ ದ್ರಾವಣ ಹರಿಯದಂತೆ ತಡೆಯುವುದು ಮೀನುಗಳ ಸಂರಕ್ಷಣೆಗೂ ಸಂಬಂಧಿಸಿದ ವಿಷಯವಾಗಿದೆ.