ರಣಭೂಮಿಯ ನಿರೂಪಣೆ: ಶ್ರೀರಂಗಪಟ್ಟಣದ ನಿದರ್ಶನ

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಖಡ್ಗವನ್ನು ವಿವರಿಸುವುದಕ್ಕೂ ಆ ಖಡ್ಗವು ಬಳಕೆಯಾದ ರಣಭೂಮಿಯನ್ನು ವಿವರಿಸುವುದಕ್ಕೂ ಬಹಳ ಅಂತರವುಂಟು. ಖಡ್ಗವು ಹೆಚ್ಚುಕಡಿಮೆ ಇದ್ದಂತೆಯೇ ಉಳಿದಿರುತ್ತದೆ. ರಣಭೂಮಿಯಾದರೋ ಕಾಲಕಾಲಕ್ಕೆ ರೂಪಾಂತರ ಹೊಂದುತ್ತದೆ. ಅಲ್ಲಿ ಹೊಲಗಳಾಗುತ್ತವೆ, ಊರು ಬೆಳೆಯುತ್ತದೆ. ಗೆದ್ದವರು ಸ್ಮಾರಕಗಳನ್ನು ನಿಲ್ಲಿಸುತ್ತಾರೆ. ಇಂತಹ ನೆಲವನ್ನು ಸಾಮಾನ್ಯ ಪ್ರೇಕ್ಷಕನಿಗೆ ಹೇಗೆ ತಿಳಿಯಹೇಳಬೇಕೆಂಬ ಪ್ರಶ್ನೆಯನ್ನು ಶ್ರೀರಂಗಪಟ್ಟಣದ ನಿದರ್ಶನದ ಮೂಲಕ ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

1799ನೆಯ ಮೇ 4ರಂದು ನಡೆದ ಘಟನೆಯ ಸ್ಥೂಲರೂಪ ಎಲ್ಲರಿಗೂ ವಿದಿತವಾದುದೇ. ಜನರಲ್ ಹ್ಯಾರಿಸನ ಸೈನ್ಯವು ಕೋಟೆಯ ಪಶ್ಚಿಮದ ಮೂಲೆಯನ್ನು ಫಿರಂಗಿಗಳಿಂದ ಒಡೆದು ಬಿರುಕು ಮಾಡಿತು. ಮಧ್ಯಾಹ್ನ ಒಂದು ಗಂಟೆಯ ಬಳಿಕ ಸುಮಾರು 4,400 ಸೈನಿಕರು ಡೇವಿಡ್ ಬೇರ್ಡನ ನಾಯಕತ್ವದಲ್ಲಿ ಹೊಳೆ ದಾಟಿ ಬಿರುಕನ್ನೇರಿದರು. ಬಳಿಕ ಎರಡು ದಳಗಳಾಗಿ ಕೋಟೆಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ಸಾಗಿದರು. ಉತ್ತರದ ಗೋಡೆಯ ಕಡೆ ಎದುರಿಸಿ ಕಾದಾಡಿದ ಟಿಪ್ಪು ಸುಲ್ತಾನನು ಮಡಿದನು. ಆಕ್ರಮಣಕ್ಕೆ ಆ ದಿನವನ್ನೂ ಆ ಸ್ಥಳವನ್ನೂ ಆರಿಸಿಕೊಂಡುದೇಕೆ? ಪ್ರೇಕ್ಷಕನಿಗೆ ಮೊದಲು ತಿಳಿಸಬೇಕಾದುದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಉತ್ತರ ಕೊಡಬಲ್ಲ ಮುಖ್ಯ ಸಾಕ್ಷಿ ಕಾವೇರಿ ನದಿ. ಬೇಸಿಗೆಯ ಕೊನೆಯಲ್ಲಿ ಹೊಳೆಯ ಪಾತ್ರದಲ್ಲಿ ಬಂಡೆಗಳೆದ್ದು ನೀರು ಇಳಿದಿತ್ತು. ಮುಂಗಾರು ಬಂದು ಹೊಳೆ ತುಂಬಿದರೆ ದಾಟುವ ಮಾತೇ ಇರಲಿಲ್ಲ. ಹ್ಯಾರಿಸನ ಶಿಬಿರದಲ್ಲಿ ಧಾನ್ಯವೂ ತೀರುತ್ತ ಬಂದಿತ್ತು. ಇನ್ನು ಕೆಲವು ವಾರ ಕೋಟೆಯು ನಿಂತಿದ್ದರೆ ಮುತ್ತಿಗೆಯ ಗತಿ ಬೇರೆಯಾಗಬಹುದಾಗಿತ್ತು. ಆದರೆ ಇಂದು ಮೇ ತಿಂಗಳಲ್ಲಿ ಅಲ್ಲಿ ನಿಂತು ನೋಡುವವನ ಕಣ್ಣಿಗೆ ಬೀಳುವ ಹೊಳೆ 1799ರ ಹೊಳೆಯಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟು ಮೇಲ್ಗಡೆಯಲ್ಲಿದ್ದು, ನೀರಿನ ಹರಿವು ಈಗ ಮನುಷ್ಯನ ಅಂಕೆಯಲ್ಲಿದೆ. ಇದನ್ನು ಹೇಳದೆ ಹೊಳೆಯತ್ತ ಬೆರಳು ತೋರಿಸಿದರೆ ತಪ್ಪು ತಿಳಿವಳಿಕೆಯನ್ನು ನಾವೇ ಕೊಟ್ಟಂತಾಗುತ್ತದೆ.

ಎರಡನೆಯ ವಿಚಾರ ಸ್ಮಾರಕಗಳದು. ಬಿರುಕಿನ ಬಳಿ ಇರುವ ಸ್ತಂಭವನ್ನು ಮೈಸೂರು ಸರ್ಕಾರವು 1907ರಲ್ಲಿ, ಅಂದರೆ ಯುದ್ಧವಾಗಿ 108 ವರ್ಷಗಳ ಬಳಿಕ, ನಿಲ್ಲಿಸಿತು. ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ಸ್ಮರಣೆ ಅದರ ಉದ್ದೇಶ. ಅದನ್ನು ಯುದ್ಧದ ಸಾಕ್ಷಿಯೆಂದು ಓದಬಾರದು. 1907ರಲ್ಲಿ ಆ ಯುದ್ಧವನ್ನು ಯಾವ ಬಗೆಯಲ್ಲಿ ನೆನೆಯಲಾಗುತ್ತಿತ್ತು ಎಂಬುದಕ್ಕೆ ಸಾಕ್ಷಿಯೆಂದು ಓದಬೇಕು. ಆಕ್ರಮಣಕ್ಕೆ ಸ್ವಲ್ಪ ಮೊದಲು ಫಿರಂಗಿಯ ಗುಂಡಿಗೆ ಬಲಿಯಾದ ಮೈಸೂರಿನ ಸೇನಾಪತಿ ಸಯ್ಯದ್ ಗಫಾರನ ಹೆಸರನ್ನು ಆ ಸ್ತಂಭ ಹೇಳುವುದಿಲ್ಲ. ಕೋಟೆಯೊಳಗೆ ಸತ್ತ ಸಾವಿರಾರು ಮಂದಿಯ ವಿಷಯವನ್ನಾಗಲಿ, ಆ ರಾತ್ರಿ ಪಟ್ಟಣವು ಲೂಟಿಯಾದುದನ್ನಾಗಲಿ, ಮರುದಿನ ಅಧಿಕಾರ ವಹಿಸಿದ ಆರ್ಥರ್ ವೆಲ್ಲೆಸ್ಲಿಯು ಕೆಲವು ಸೈನಿಕರನ್ನು ಗಲ್ಲಿಗೇರಿಸಿ ಲೂಟಿಯನ್ನು ತಡೆಯಬೇಕಾಗಿ ಬಂದುದನ್ನಾಗಲಿ ಅದು ಹೇಳುವುದಿಲ್ಲ. ಸ್ತಂಭವನ್ನು ಕೆಡಹುವುದು ಇದಕ್ಕೆ ಪರಿಹಾರವಲ್ಲ. ಅದು ಹೇಳದೆ ಬಿಟ್ಟುದನ್ನು ಅದರ ಪಕ್ಕದಲ್ಲಿಯೇ ನಿಂತು ಹೇಳುವುದು ನಮ್ಮ ಕೆಲಸ.

ಮೂರನೆಯದು ಐತಿಹ್ಯ. ಟಿಪ್ಪುವಿನ ದೇಹವು ಇಲ್ಲಿ ದೊರೆಯಿತೆಂದು ಮಾತ್ರ ಅಲ್ಲಿಯ ಶಿಲಾಫಲಕ ತಿಳಿಸುತ್ತದೆ. ಜನರ ಬಾಯಲ್ಲಿ ಅದು ಟಿಪ್ಪು ಹೋರಾಡಿ ಬಿದ್ದ ಸ್ಥಳವಾಗಿದೆ. ಈ ಎರಡು ಮಾತುಗಳ ನಡುವಿನ ಭೇದ ಅಲ್ಪವೆಂದು ತೋರಬಹುದು. ಆದರೆ ಇತಿಹಾಸದ ಶಿಸ್ತು ಇರುವುದು ಅಂತಹ ಭೇದದಲ್ಲಿಯೇ. ಮೀರ್ ಸಾದಕನು ಸಂಬಳ ಹಂಚುವ ನೆಪದಿಂದ ಕಾವಲಿನವರನ್ನು ಬಿರುಕಿನಿಂದ ಹಿಂದಕ್ಕೆ ಕರೆದನೆಂಬ ಕಥೆಯೂ ಇಂತಹುದೇ. ಕಥೆಯನ್ನು ಮುಚ್ಚಿಡಬೇಕಾಗಿಲ್ಲ. ಇದನ್ನು ಹೇಳುವವರು ಯಾರು, ವಿಜೇತರ ಪರವಾಗಿ ಬರೆದ ಬೀಟ್ಸನನ ಗ್ರಂಥದಲ್ಲಿ ಏನಿದೆ, ಮೈಸೂರಿನ ಪರವಾಗಿ ಬರೆದ ಕಿರ್ಮಾನಿಯ ಪಾರಸೀ ಗ್ರಂಥದಲ್ಲಿ ಏನಿದೆ ಎಂಬುದನ್ನು ಒಟ್ಟಿಗೆ ಇಟ್ಟರೆ ಪ್ರೇಕ್ಷಕನೇ ತೂಗಿ ನೋಡಬಲ್ಲನು.

ಚಿತ್ರಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ರಾಬರ್ಟ್ ಕೆರ್ ಪೋರ್ಟರನು ಭಾರತವನ್ನೇ ಕಾಣದೆ ಬಿಡಿಸಿದ ಈ ಮುತ್ತಿಗೆಯ ಬೃಹತ್ ಚಿತ್ರವನ್ನು 1800ರಲ್ಲಿ ಲಂಡನ್ನಿನ ಜನರು ಹಣ ಕೊಟ್ಟು ನೋಡಿದರು. ಇತ್ತ ಅದೇ ಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಕರ್ನಲ್ ಬೈಲಿಯ ಸೈನ್ಯವು ಸೋತ ದೃಶ್ಯವಿದೆ. ಒಂದು ವಿಜೇತ ಕಂಪನಿಯ ಹೆಮ್ಮೆ, ಮತ್ತೊಂದು ವಿಜೇತ ಮೈಸೂರಿನ ಹೆಮ್ಮೆ. ಅದೇ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದ ಬೇರ್ಡನೇ 1799ರಲ್ಲಿ ಬಿರುಕನ್ನೇರಿದವನು. ಗೋಡೆಯ ಚಿತ್ರದಿಂದ ಬಿರುಕಿನವರೆಗೆ ಪ್ರೇಕ್ಷಕನನ್ನು ಕರೆದೊಯ್ದರೆ ಎರಡು ದಶಕಗಳ ವೈರದ ಕಥೆಯು ಅವನ ಕಾಲಡಿಯಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಮಾತು. ರೈಲುಮಾರ್ಗವನ್ನು ಜೋಡಿಮಾರ್ಗವಾಗಿ ಮಾಡುವುದಕ್ಕಾಗಿ 2017ರಲ್ಲಿ ಟಿಪ್ಪುವಿನ ಕಾಲದ ಮದ್ದುಗುಂಡಿನ ಕಟ್ಟಡವೊಂದನ್ನು ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಕಟ್ಟಡವು ಉಳಿಯಿತು, ಅದು ಆ ಜಾಗದಲ್ಲಿಯೇ ಏಕೆ ಇತ್ತೆಂಬುದನ್ನು ಮಾತ್ರ ಇನ್ನು ಕಟ್ಟಡವು ಹೇಳಲಾರದು, ಬಲ್ಲವರು ಹೇಳಬೇಕು. ರಣಭೂಮಿಯ ನಿರೂಪಕನ ಹೊಣೆ ಇಂತಹುದು. ಪ್ರೇಕ್ಷಕನಲ್ಲಿ ಅಭಿಮಾನವನ್ನೋ ಶೋಕವನ್ನೋ ಹುಟ್ಟಿಸುವುದು ಸುಲಭ. ಯಾವುದು ಅಂದಿನದು, ಯಾವುದು ಅನಂತರದ್ದು, ಯಾವುದು ಕೇಳಿಬಂದುದು ಎಂಬ ವಿವೇಕವನ್ನು ಹುಟ್ಟಿಸುವುದು ಕಠಿಣ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ಬಿರುಕಿನ ಬಳಿ ಕೆಲಹೊತ್ತು ನಿಂತು ಈ ಮೂರನ್ನು ಬೇರ್ಪಡಿಸಿ ನೋಡಲು ಕಲಿತರೆ, ಆ ಪ್ರವಾಸವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.