ಹಸಿರುಮನೆ ಮೆಣಸಿನಕಾಯಿ: ಆಳಂದ, ಅಫಜಲಪುರ, ಜೇವರ್ಗಿ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಮುಖ್ಯವಾಗಿ ತೊಗರಿ, ಜೋಳದ ಸೀಮೆ. ಅಫಜಲಪುರ, ಜೇವರ್ಗಿಗಳಲ್ಲಿ ಭೀಮಾ ನದಿ ಹರಿಯುತ್ತದೆ; ಆಳಂದಕ್ಕೆ ಅಮರ್ಜಾ ಜಲಾಶಯವಿದೆ. ಇಲ್ಲಿ ಹಸಿರುಮನೆ ಮೆಣಸಿನಕಾಯಿಗೆ ತಳಿ ಆರಿಸುವಾಗ ಬಿಸಿಲನ್ನೂ ಗೊಬ್ಬರ ಆರಿಸುವಾಗ ಎರೆ ಮಣ್ಣನ್ನೂ ಮೊದಲು ನೋಡಬೇಕು.

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಇನ್ನೂ ಹೆಚ್ಚು. ಹಗಲು 35 ಡಿಗ್ರಿ ಮೀರಿದರೆ ಪರಾಗ ಕೆಟ್ಟು ಹೂ ಉದುರುತ್ತದೆ. ದೊಣ್ಣೆಮೆಣಸಿನಕಾಯಿಗೆ ಈ ಪೆಟ್ಟು ಹೆಚ್ಚು. ಆದ್ದರಿಂದ ಇಂದ್ರದಂಥ ಹೈಬ್ರಿಡ್‌ಗಳನ್ನು ಮಳೆಗಾಲದ ಕೊನೆಯಲ್ಲಿ ನಾಟಿ ಮಾಡಿ, ಚಳಿಗಾಲದಲ್ಲಿ ಕಾಯಿ ಕೀಳುವುದು ಸರಿ. ಹಸಿ ಖಾರದ ಕಾಯಿಗೆ ನೆರಳುಪರದೆ ಸಾಕು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೇಘನಾ, ಅರ್ಕಾ ಹರಿತಾ ಹೈಬ್ರಿಡ್‌ಗಳು ನಂಜುರೋಗವನ್ನು ಒಂದಿಷ್ಟು ತಾಳುತ್ತವೆ. ಮುಟುರು ರೋಗದ ಕಾಟವಿರುವ ಕಡೆ ಇದು ಸಣ್ಣ ಗುಣವಲ್ಲ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿಯ ಬೆಲೆ ಇರುವುದು ಗಿಡದಲ್ಲೇ ಹಣ್ಣಾಗಿ ಒಣಗಿದ ಕಾಯಿಯ ಬಣ್ಣದಲ್ಲಿ. ಅದನ್ನು ದುಬಾರಿ ಮನೆಯೊಳಗೆ ಬೆಳೆಯುವುದು ಲಾಭವಲ್ಲ.

ಗೊಬ್ಬರದ ಕಥೆ ಇನ್ನಷ್ಟು ತೊಡಕಿನದು. ಎರೆ ಮಣ್ಣು ಕ್ಷಾರೀಯ, ಸುಣ್ಣ ಹೆಚ್ಚು. ಮೇಲೆ ಚೆಲ್ಲಿದ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ, ರಂಜಕ ಸುಣ್ಣಕ್ಕೆ ಅಂಟಿಕೊಳ್ಳುತ್ತದೆ, ಕಬ್ಬಿಣ ಮತ್ತು ಸತು ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಯ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಅದು ಕಬ್ಬಿಣದ ಕೊರತೆ; ಇನ್ನಷ್ಟು ಯೂರಿಯಾ ಹಾಕಿದರೆ ವಾಸಿಯಾಗದು. ಹೀಗಾಗಿ ಇಲ್ಲಿ ಹನಿ ನೀರಿನೊಂದಿಗೆ ಕರಗುವ ಗೊಬ್ಬರವೇ ಮೇಲು: ನಾಟಿಯ ನಂತರ 12:61:0, ಬೆಳವಣಿಗೆಗೆ 19:19:19, ಕಾಯಿ ಕಟ್ಟುವಾಗ 13:0:45. ಕ್ಯಾಲ್ಸಿಯಂ ನೈಟ್ರೇಟ್ ಕಾಯಿಯ ತುದಿ ಕೊಳೆಯುವುದನ್ನು ತಗ್ಗಿಸುತ್ತದೆ, ಆದರೆ ಅದನ್ನು ರಂಜಕ, ಸಲ್ಫೇಟ್ ಗೊಬ್ಬರಗಳ ಜೊತೆ ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಗಸಿ ಕೂತು ಹನಿಕೊಳವೆ ಕಟ್ಟಿಕೊಳ್ಳುತ್ತದೆ. ಬಾವಿ ನೀರು ಸವುಳಾಗಿದ್ದರೆ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಬದಲು ಸಲ್ಫೇಟ್ ರೂಪದ ಪೊಟ್ಯಾಶ್ ಬಳಸಬೇಕು.

ಸಾರಜನಕ ಅತಿಯಾದರೆ ಗಿಡ ಸೊಂಪಾಗಿ ಕಾಣುತ್ತದೆ, ಆದರೆ ಮೆತ್ತನೆಯ ಚಿಗುರಿಗೆ ಥ್ರಿಪ್ಸ್, ಮೈಟ್ ನುಸಿ ಮುತ್ತುತ್ತವೆ. ಆಗ ಎಂಥ ಸಹಿಷ್ಣು ತಳಿಯೂ ಸೋಲುತ್ತದೆ. ಒಂದೇ ಮಡಿಯಲ್ಲಿ ವರ್ಷವರ್ಷವೂ ಮೆಣಸಿನಕಾಯಿ ಹಾಕಿದರೆ ಬೇರುಗಂಟು ಹುಳು ಹೆಚ್ಚುವುದರಿಂದ ತಳಗೊಬ್ಬರಕ್ಕೆ ಬೇವಿನ ಹಿಂಡಿ ಸೇರಿಸುವುದು ರೂಢಿ.

ಬೀಜಕ್ಕೆ ದುಡ್ಡು ಕೊಡುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ.